ಗೋಪ್ಯ: ಯಾರಿಂದ, ಯಾರಿಗಾಗಿ?

ಕೇಂದ್ರ ಸರ್ಕಾರದ ನೌಕರರು ಊರು ಬದಲಿಸುವಾಗ ಅವರೊಡನೆ ಎರಡು ಬಗೆಯ ಸಾಮಾನು ಹೊರಡುತ್ತದೆ. ಒಂದು ಲಾರಿಯಲ್ಲಿ ಹೋಗುವುದು: ಮಂಚ, ಬೀರು, ಪಾತ್ರೆಯ ಮೂಟೆ, ಓದಿದ ಮತ್ತು ಓದಬೇಕೆಂದುಕೊಂಡ ಪುಸ್ತಕಗಳ ಪೆಟ್ಟಿಗೆ. ಇನ್ನೊಂದು ಹಳೆಯ ಕಚೇರಿಯಿಂದ ಹೊಸ ಕಚೇರಿಗೆ ಮುಚ್ಚಿದ ಲಕೋಟೆಯಲ್ಲಿ ಹೋಗುವುದು. ಅದರ ಹೆಸರು ಸೇವಾ ಪುಸ್ತಕ. ಮೊದಲನೆಯದರಲ್ಲಿ ಏನೇನಿದೆ ಎಂಬುದು ನಮಗೆ ಗೊತ್ತು. ಎರಡನೆಯದರಲ್ಲಿ ಏನೇನಿದೆ ಎಂಬುದು ಎಷ್ಟೋ ಜನಕ್ಕೆ ನಿವೃತ್ತಿಯ ಅಂಚಿನಲ್ಲಿ, ಪಿಂಚಣಿಯ ಕಾಗದಕ್ಕೆ ಸಹಿ ಹಾಕುವಾಗ ತಿಳಿಯುತ್ತದೆ.

ಆ ಪುಸ್ತಕದ ಮೊದಲ ಪುಟದಲ್ಲಿ ನೌಕರನ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಎತ್ತರ, ಮೈಮೇಲಿನ ಗುರುತು, ಎಡಗೈ ಬೆರಳುಗಳ ಒತ್ತು ಇರುತ್ತವೆ. ಒಳಗೆ ಹೋದಂತೆ ಮದುವೆ, ಮಕ್ಕಳು, ಕಾಯಿಲೆಯ ರಜೆ, ಸಾಲ, ದಂಡನೆ, ನಾಮನಿರ್ದೇಶನ ಎಲ್ಲವೂ ಬರುತ್ತವೆ. ಕರ್ನಾಟಕದ ಹೊರಗೆ ಬದುಕುತ್ತಿರುವ ನಮ್ಮಂಥವರ ಪಾಲಿಗೆ ಅದರಲ್ಲಿ ಇನ್ನೊಂದು ನಮೂದು ಇದೆ. ರಜಾ ಪ್ರವಾಸದ ರಿಯಾಯಿತಿಗಾಗಿ ಘೋಷಿಸಿದ ‘ಸ್ವಂತ ಊರು’. ದೆಹಲಿಯಲ್ಲಿ ಇಪ್ಪತ್ತು ವರ್ಷ ಕಳೆದವನ ಸೇವಾ ಪುಸ್ತಕದಲ್ಲಿಯೂ ಸಾಗರವೋ ಸಿಂಧನೂರೋ ಹಾಗೆಯೇ ಉಳಿದಿರುತ್ತದೆ. ಇಡೀ ಸೇವಾವಧಿಯಲ್ಲಿ ಅದನ್ನು ಒಮ್ಮೆ ಮಾತ್ರ ಬದಲಿಸಬಹುದು.

ಒಬ್ಬ ಮನುಷ್ಯನ ಬಗ್ಗೆ ಇಷ್ಟೆಲ್ಲ ತಿಳಿದಿರುವ ಕಚೇರಿ ಅದನ್ನು ಹೇಗೆ ಕಾಯ್ದುಕೊಂಡು ಬಂದಿದೆ? ಈ ಪ್ರಶ್ನೆಯನ್ನು ನಮ್ಮ ಮುಂದೆ ತಂದು ನಿಲ್ಲಿಸಿದ್ದು ಒಂದು ಸಣ್ಣ ಘಟನೆ. ಕೆಲವು ವರ್ಷಗಳ ಹಿಂದೆ ನಾವಿದ್ದ ಕಚೇರಿಯೊಂದರಲ್ಲಿ ಸಹೋದ್ಯೋಗಿ ಮಹಿಳೆಯೊಬ್ಬರು ತವರೂರಿನ ಸಮೀಪಕ್ಕೆ ವರ್ಗಾವಣೆ ಕೋರಿ ಅರ್ಜಿ ಕೊಟ್ಟರು. ಪತಿಯ ಮಾನಸಿಕ ಅಸ್ವಾಸ್ಥ್ಯವನ್ನು ಕಾರಣವಾಗಿ ಬರೆದು, ಆಸ್ಪತ್ರೆಯ ಕಾಗದಗಳನ್ನು ಲಗತ್ತಿಸಿದ್ದರು. ಬೇಗ ಮೇಲಿನವರ ಗಮನಕ್ಕೆ ಬರಲೆಂಬ ಸದುದ್ದೇಶದಿಂದಲೇ ಯಾರೋ ಆ ಅರ್ಜಿಯ ಚಿತ್ರ ತೆಗೆದು ವಿಭಾಗದ ವಾಟ್ಸ್‌ಆಪ್ ಗುಂಪಿಗೆ ಹಾಕಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರಿಗೂ ವಿಷಯ ಗೊತ್ತಾಗಿತ್ತು. ನಾವೂ ಓದಿದೆವು. ‘ಅಯ್ಯೋ ಪಾಪ’ ಎಂದೆವು. ಯಾರೂ ಕೆಟ್ಟದ್ದನ್ನು ಬಯಸಿರಲಿಲ್ಲ. ಆದರೆ ಮರುದಿನದಿಂದ ಆಕೆ ನಮ್ಮೊಡನೆ ಊಟಕ್ಕೆ ಕೂರುವುದನ್ನು ಬಿಟ್ಟರು. ಎರಡು ವಾರದ ಬಳಿಕ ತಮ್ಮ ಅರ್ಜಿಯ ಮೇಲೆ ಏನು ಟಿಪ್ಪಣಿ ಬರೆಯಲಾಗಿದೆ ಎಂದು ಅವರು ಕೇಳಿದಾಗ, ಸಿಬ್ಬಂದಿ ಶಾಖೆಯ ನಾವು ಕೊಟ್ಟ ಉತ್ತರ ಇಷ್ಟೆ: “ಕಡತ ತೋರಿಸಲು ಬರುವುದಿಲ್ಲ, ಅದು ಗೋಪ್ಯ.”

ಊರಿಗೆಲ್ಲ ತಿಳಿದ ಕಡತ ಅದರೊಳಗಿನ ಮನುಷ್ಯಳಿಗೆ ಮಾತ್ರ ಗೋಪ್ಯ! ಈ ವಿಪರ್ಯಾಸ ನಮ್ಮ ಕಚೇರಿಯೊಂದರದೇ ಅಲ್ಲ, ಅದಕ್ಕೆ ಬಹು ದೀರ್ಘವಾದ ಇತಿಹಾಸವಿದೆ ಎಂಬುದು ಆಮೇಲೆ ಓದುತ್ತಾ ಹೋದಂತೆ ತಿಳಿಯಿತು. ಈ ಬರಹ ಆ ಓದಿನ ಫಲ.

ಮೊದಲು ಬೆರಳೊತ್ತಿನಿಂದಲೇ ಆರಂಭಿಸೋಣ. 1858ರ ಜುಲೈ ತಿಂಗಳಲ್ಲಿ, ಸಿಪಾಯಿ ದಂಗೆಯ ಕಾವು ಇನ್ನೂ ಆರದಿದ್ದಾಗ, ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಯುವ ಅಧಿಕಾರಿ ರಸ್ತೆಗೆ ಜಲ್ಲಿ ಒದಗಿಸುವ ಕರಾರೊಂದನ್ನು ಬರೆಸಿಕೊಂಡ. ಖ್ಯಾತ ಖಗೋಳಶಾಸ್ತ್ರಜ್ಞ ಹರ್ಷೆಲನ ಮೊಮ್ಮಗ ಈತ. ಗುತ್ತಿಗೆದಾರ ರಾಜ್ಯಧರ ಕೋನಾಯ್ ಮುಂದೆ ಸಹಿ ತನ್ನದಲ್ಲ ಎಂದು ಜಾರಿಕೊಳ್ಳದಿರಲೆಂದು, ಅವನ ಅಂಗೈಗೆ ಮಸಿ ಬಳಿದು ಕರಾರಿನ ಹಿಂಬದಿಯಲ್ಲಿ ಒತ್ತಿಸಿದ. ಆಗ ಅದು ಬೆದರಿಸುವ ಉಪಾಯವಾಗಿತ್ತೇ ಹೊರತು ಶಾಸ್ತ್ರವಾಗಿರಲಿಲ್ಲ. ಮುಂದಿನ ಇಪ್ಪತ್ತು ವರ್ಷ ಹರ್ಷೆಲ್ ಬೆರಳೊತ್ತುಗಳನ್ನು ಸಂಗ್ರಹಿಸುತ್ತಲೇ ಇದ್ದ. 1877ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟನಾಗಿದ್ದಾಗ ಅದನ್ನು ನಿತ್ಯದ ಆಡಳಿತಕ್ಕೆ ತಂದ. ಆ ಪ್ರಯೋಗಕ್ಕೆ ಒಳಗಾದವರಲ್ಲಿ ದಸ್ತಾವೇಜು ನೋಂದಾಯಿಸಲು ಬಂದವರೂ ಸೆರೆಮನೆಯ ಕೈದಿಗಳೂ ಇದ್ದರು. ಅವರ ಜೊತೆಗೆ ಸರ್ಕಾರದ ಪಿಂಚಣಿದಾರರೂ ಇದ್ದರು. ಪಿಂಚಣಿದಾರ ತೀರಿಕೊಂಡ ಮೇಲೂ ಅವನ ಹೆಸರಿನಲ್ಲಿ ಬೇರೊಬ್ಬರು ಬಂದು ಹಣ ಪಡೆಯುತ್ತಾರೆ ಎಂಬುದು ಕಾರಣ.

1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಾರ್ಯಾಲಯ ಸ್ಥಾಪನೆಯಾಯಿತು. ಅದರ ವರ್ಗೀಕರಣ ಪದ್ಧತಿಗೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು ದುಡಿದರು. ಬೆರಳೊತ್ತು ಅಲ್ಲಿಂದ ಜಗತ್ತಿನ ಪೊಲೀಸರ ಸಾಧನವಾಯಿತು ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಅದು ಕಳ್ಳನ ಬೆರಳಿಗಿಂತ ಮೊದಲು ಗುತ್ತಿಗೆದಾರನ ಅಂಗೈಯಲ್ಲಿತ್ತು, ಕೈದಿಯೊಡನೆಯೇ ಮುದಿ ನೌಕರನ ಬೆರಳಿಗೂ ಬಂದಿತ್ತು ಎಂಬುದು ನಮ್ಮ ವಿಷಯಕ್ಕೆ ಮುಖ್ಯ. ದುಡಿಯುವವರ ದೇಹದ ಗುರುತನ್ನು ದಾಖಲೆಗೆ ಸೇರಿಸುವ ಪದ್ಧತಿ ಹುಟ್ಟಿದ್ದು ಅಪನಂಬಿಕೆಯಿಂದ. ‘ನೀನು ನೀನೇ ಎಂದು ನನಗೆ ಸಾಬೀತು ಮಾಡು’ ಎಂಬುದು ಅದರ ಮೊದಲ ವಾಕ್ಯ. ‘ನಿನ್ನದನ್ನು ನಾನು ಕಾಪಾಡುತ್ತೇನೆ’ ಎಂಬ ಎರಡನೆಯ ವಾಕ್ಯ ಬರಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

1922ರ ಜನವರಿ 1ರಂದು ಜಾರಿಗೆ ಬಂದ ಮೂಲ ನಿಯಮಗಳು ಮತ್ತು ಅವುಗಳ ಬೆನ್ನಿಗೆ ಬಂದ ಪೂರಕ ನಿಯಮಗಳು ನಮ್ಮ ಕಚೇರಿಗಳ ಮನುಧರ್ಮಶಾಸ್ತ್ರವೆನ್ನಬಹುದು. ಸೇವಾ ಪುಸ್ತಕ ಹೇಗಿರಬೇಕು, ಯಾರು ಬರೆಯಬೇಕು, ಯಾರು ದೃಢೀಕರಿಸಬೇಕು ಎಂಬುದೆಲ್ಲ ಪೂರಕ ನಿಯಮಗಳಲ್ಲಿದೆ. ಅವುಗಳಲ್ಲಿ 202ನೆಯ ನಿಯಮ ಹೇಳುವುದು ಇದು: ಪ್ರತಿ ವರ್ಷವೂ ಕಚೇರಿಯ ಮುಖ್ಯಸ್ಥ ತನ್ನ ಕೈಕೆಳಗಿನವರಿಗೆ ಅವರವರ ಸೇವಾ ಪುಸ್ತಕವನ್ನು ತೋರಿಸಿ, ನೋಡಿದ್ದಕ್ಕೆ ಗುರುತಾಗಿ ಸಹಿ ಪಡೆಯಬೇಕು. ಇತ್ತೀಚಿನ ಹಣಕಾಸು ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪುಸ್ತಕದ ಎರಡನೆಯ ಪ್ರತಿಯನ್ನು ನೌಕರನ ಕೈಗೇ ಕೊಡಬೇಕೆಂದಿವೆ. ವರ್ಷಕ್ಕೊಮ್ಮೆ ಜನವರಿಯಲ್ಲಿ ಅವನು ಅದನ್ನು ತಂದುಕೊಟ್ಟರೆ ಹೊಸ ನಮೂದುಗಳನ್ನು ಸೇರಿಸಿ ಹಿಂದಿರುಗಿಸಬೇಕು. ನಿಯಮ ಇಷ್ಟು ಉದಾರವಾಗಿದೆ. ಆದರೆ ‘ನಿಮ್ಮ ಸೇವಾ ಪುಸ್ತಕವನ್ನು ಕೊನೆಯ ಬಾರಿ ನೋಡಿದ್ದು ಯಾವಾಗ?’ ಎಂದು ನಮ್ಮ ಕನ್ನಡ ಸಂಘದ ನೌಕರ ಮಿತ್ರರನ್ನು ಕೇಳಿದರೆ ಹೆಚ್ಚಿನವರು ನಗುತ್ತಾರೆ. ಆ ನಗುವಿನಲ್ಲಿಯೇ ಉತ್ತರವಿದೆ.

ಸೇವಾ ಪುಸ್ತಕದ ಪಕ್ಕದಲ್ಲಿಯೇ ಇನ್ನೊಂದು ದಾಖಲೆ ಬೆಳೆಯಿತು. ಅದು ವಾರ್ಷಿಕ ಗೋಪ್ಯ ವರದಿ, ಕಚೇರಿಯ ಬಾಯಲ್ಲಿ ಸಿ.ಆರ್. ಸೇವಾ ಪುಸ್ತಕ ನೌಕರನ ಹೊರಗಿನ ಚರಿತ್ರೆಯಾದರೆ, ಇದು ಅವನ ಗುಣಾವಗುಣಗಳ ಚರಿತ್ರೆ. ಮೇಲಧಿಕಾರಿ ಬರೆಯುತ್ತಿದ್ದ, ಅವನ ಮೇಲಿನವನು ಒಪ್ಪುತ್ತಿದ್ದ, ಬೀರುವಿನೊಳಗೆ ಬೀಗ ಬೀಳುತ್ತಿತ್ತು. ಪ್ರತಿಕೂಲ ಮಾತಿದ್ದರೆ ಮಾತ್ರ ನೌಕರನಿಗೆ ತಿಳಿಸುತ್ತಿದ್ದರು. ಆ ನಿಯಮವೂ ಎಲ್ಲೆಡೆ ಪಾಲನೆಯಾಗುತ್ತಿರಲಿಲ್ಲ. ಹಾಗೆ ತಿಳಿಸದ ಪ್ರತಿಕೂಲ ಮಾತನ್ನು ಆಧರಿಸಿ ಬಡ್ತಿ ನಿರಾಕರಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 1979ರಲ್ಲಿಯೇ ಹೇಳಬೇಕಾಯಿತು. ‘ಉತ್ತಮ’ ಎಂಬ ಷರಾ ಬಂದರೆ ಅದು ಪ್ರತಿಕೂಲವಲ್ಲವಾದ್ದರಿಂದ ತಿಳಿಸುವ ಅಗತ್ಯವೇ ಇಲ್ಲವೆಂಬ ವಾದ ಮಾತ್ರ ಮುಂದುವರಿಯಿತು.

ಈ ವಾದದ ಟೊಳ್ಳು ಬಯಲಾದದ್ದು 2008ರ ಮೇ 12ರಂದು. ಗಡಿ ರಸ್ತೆಗಳ ಎಂಜಿನಿಯರಿಂಗ್ ಸೇವೆಯ ನೌಕರರೊಬ್ಬರಿಗೆ ಒಂದು ವರ್ಷ ‘ಉತ್ತಮ’ ಎಂಬ ಷರಾ ಸಿಕ್ಕಿತ್ತು. ಬಡ್ತಿಗೆ ಬೇಕಾಗಿದ್ದುದು ‘ಅತ್ಯುತ್ತಮ’. ಹೊಗಳಿಕೆಯಂತೆ ಕಾಣುವ ಆ ಮಾತೇ ಅವರ ದಾರಿಗೆ ಅಡ್ಡವಾಯಿತು, ಮತ್ತು ಅದು ಅವರಿಗೆ ತಿಳಿದೇ ಇರಲಿಲ್ಲ. ಷರಾ ಯಾವುದೇ ಇರಲಿ, ಪ್ರತಿಯೊಂದನ್ನೂ ನೌಕರನಿಗೆ ತಿಳಿಸಬೇಕು, ತಿಳಿಸದಿರುವುದು ಮನಸ್ವೀ ವರ್ತನೆ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಒಂದು ವರ್ಷದ ಬಳಿಕ, 2009ರ ಮೇ 14ರಂದು, ಕೇಂದ್ರದ ಸಿಬ್ಬಂದಿ ಇಲಾಖೆ ಆದೇಶ ಹೊರಡಿಸಿತು. ವರದಿಯ ಹೆಸರಿನಿಂದ ‘ಗೋಪ್ಯ’ ಎಂಬ ಪದವೇ ಬಿದ್ದುಹೋಗಿ ‘ವಾರ್ಷಿಕ ಕಾರ್ಯನಿರ್ವಹಣಾ ಮೌಲ್ಯಮಾಪನ ವರದಿ’ ಎಂದಾಯಿತು. ಇಡೀ ವರದಿಯನ್ನು ನೌಕರನಿಗೆ ಕೊಡಬೇಕು, ಆಕ್ಷೇಪಣೆಗೆ ಹದಿನೈದು ದಿನ ಅವಕಾಶವಿರಬೇಕು ಎಂದಾಯಿತು. ಆ ವರ್ಷ ತಮ್ಮ ಬಗ್ಗೆ ಬರೆದದ್ದನ್ನು ಮೊದಲ ಬಾರಿಗೆ ಓದಿದ ಹಿರಿಯರ ಮುಖಗಳು ಸಿಬ್ಬಂದಿ ಶಾಖೆಯವರಿಗೆ ಮರೆಯುವಂಥವಲ್ಲ.

ಇದು ಒಳಗೆ ಸೇರಿದವರ ಮಾತು. ಬಾಗಿಲಲ್ಲಿ ನಿಂತವರ, ಅಂದರೆ ಕೆಲಸ ಕೇಳಿ ಅರ್ಜಿ ಹಾಕುವವರ ಸ್ಥಿತಿ ಇನ್ನೂ ಸೂಕ್ಷ್ಮವಾದದ್ದು. ನೌಕರ ಒಂದು ಪ್ರಶ್ನೆಗೆ ಉತ್ತರಿಸಲು ಹಿಂಜರಿಯಬಹುದು, ಅರ್ಜಿದಾರ ಹಿಂಜರಿದರೆ ಕೆಲಸವೇ ಇಲ್ಲ. ಈ ಅಸಹಾಯಕತೆಯ ಆಳವನ್ನು ತೋರಿಸುವ ಮೂರು ಪ್ರಕರಣಗಳು ನಮ್ಮ ನ್ಯಾಯಾಲಯಗಳ ದಾಖಲೆಯಲ್ಲಿವೆ.

ಮೊದಲನೆಯದು ಮನಸ್ಸಿನ ವಿಚಾರ. ಮಧ್ಯಪ್ರದೇಶದಲ್ಲಿ ಪುರಸಭೆಯ ಶಾಲೆಯೊಂದನ್ನು ಸರ್ಕಾರ ವಹಿಸಿಕೊಂಡಾಗ ಅಲ್ಲಿನ ಶಿಕ್ಷಕರೊಬ್ಬರನ್ನು, ಪೂರ್ವಚರಿತ್ರೆಯ ಪರಿಶೀಲನೆಗೆ ಒಳಪಟ್ಟು, ಸರ್ಕಾರಿ ಸೇವೆಗೆ ಸೇರಿಸಿಕೊಂಡಿತು. ಅವರು ಹಿಂದೆ ಒಂದು ರಾಜಕೀಯ ಪಕ್ಷ ಮತ್ತು ಸಂಘಟನೆಯ ಚಟುವಟಿಕೆಗಳಲ್ಲಿ ಭಾಗವಹಿಸಿದ್ದರೆಂಬ ಪೊಲೀಸ್ ವರದಿಯ ಮೇಲೆ 1974ರಲ್ಲಿ ಕೆಲಸದಿಂದ ತೆಗೆಯಲಾಯಿತು. 1983ರಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಇದನ್ನು ಖಂಡಿಸಿದರು. ಕಾನೂನುಬದ್ಧವಾದ ರಾಜಕೀಯ ನಂಬಿಕೆಗಾಗಿ ಒಬ್ಬನ ಅನ್ನ ಕಿತ್ತುಕೊಳ್ಳುವುದು ಸಂವಿಧಾನಕ್ಕೆ ಸಮ್ಮತವಲ್ಲ, ಗುಪ್ತ ವರದಿಯೊಂದನ್ನು ನಂಬಿ ನೌಕರಿಯ ಬಾಗಿಲು ಮುಚ್ಚಬಾರದು ಎಂಬುದು ಆ ತೀರ್ಪಿನ ತಿರುಳು. ಯಾವ ಪಕ್ಷದ ನಂಬಿಕೆ ಎಂಬುದು ಇಲ್ಲಿ ಮುಖ್ಯವಲ್ಲ. ಅರ್ಜಿದಾರನಿಗೆ ಕಾಣದ ಕಾಗದವೊಂದು ಅವನ ಭವಿಷ್ಯವನ್ನು ನಿರ್ಧರಿಸಿತ್ತು ಎಂಬುದು ಮುಖ್ಯ.

ಎರಡನೆಯದು ದೇಹದ ವಿಚಾರ. 1989ರಲ್ಲಿ ಮಹಿಳೆಯೊಬ್ಬರು ಭಾರತೀಯ ಜೀವ ವಿಮಾ ನಿಗಮದಲ್ಲಿ ಸಹಾಯಕಿಯ ಹುದ್ದೆಗೆ ಆಯ್ಕೆಯಾದರು. ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ ಎಲ್ಲವೂ ಮುಗಿದವು. ಅವರು ತುಂಬಿಕೊಟ್ಟ ಘೋಷಣಾ ಪತ್ರದಲ್ಲಿ ಮುಟ್ಟಿನ ಕ್ರಮ, ಕೊನೆಯ ಮುಟ್ಟಿನ ತಾರೀಖು, ಗರ್ಭಧಾರಣೆಗಳ ಸಂಖ್ಯೆ, ಗರ್ಭಪಾತಗಳನ್ನೂ ಕೇಳಲಾಗಿತ್ತು. ಪರೀಕ್ಷಾರ್ಥ ಅವಧಿಯಲ್ಲಿ ಅವರು ಹೆರಿಗೆ ರಜೆ ಪಡೆದರು. 1990ರ ಜನವರಿಯಲ್ಲಿ ಮಗು ಹುಟ್ಟಿತು, ಫೆಬ್ರವರಿಯಲ್ಲಿ ಕೆಲಸ ಹೋಯಿತು. ಕೊನೆಯ ಮುಟ್ಟಿನ ತಾರೀಖನ್ನು ತಪ್ಪಾಗಿ ಬರೆದಿದ್ದಾರೆಂಬುದು ನಿಗಮದ ಸಮರ್ಥನೆ.

1991ರ ಅಕ್ಟೋಬರ್ 31ರಂದು ಸರ್ವೋಚ್ಚ ನ್ಯಾಯಾಲಯ ಆಕೆಯನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂದು ಆದೇಶಿಸಿತು. ತೀರ್ಪು ಬರೆದವರು ಕರ್ನಾಟಕ ಉಚ್ಚ ನ್ಯಾಯಾಲಯದಿಂದ ಬಂದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರು. ಮುಂದೆ ಕೆಳಹಂತದ ನ್ಯಾಯಾಧೀಶರ ವೇತನಕ್ಕೆ ಸಂಬಂಧಿಸಿದ ಶೆಟ್ಟಿ ಆಯೋಗದಿಂದ ಹೆಸರಾದವರು ಇವರೇ. ಆಕೆ ಸುಳ್ಳು ಹೇಳಿದರೇ ಎಂಬ ಪ್ರಶ್ನೆಯ ಹಿಂದಕ್ಕೆ ಹೋಗಿ, ಇಂಥ ಪ್ರಶ್ನೆಯನ್ನು ಕೇಳಿದ್ದೇ ಕೇಡಿನ ಮೂಲವೆಂದು ಅವರು ಗುರುತಿಸಿದರು. ಈ ಕಲಮುಗಳು ಮುಜುಗರ ತರುವಂಥವು, ಅವಮಾನಕರವೆಂದರೂ ಸಲ್ಲುತ್ತದೆ, ನಿಗಮ ಅವನ್ನು ಅರ್ಜಿಯಿಂದ ತೆಗೆದುಹಾಕುವುದು ಒಳಿತು ಎಂದು ಹೇಳಿದರು. ಮಾಹಿತಿಯನ್ನು ಕಾಪಾಡುವ ಮೊದಲ ಉಪಾಯ ಅನಗತ್ಯವಾದದ್ದನ್ನು ಕೇಳದೆ ಇರುವುದು. ಇಂದು ಇದನ್ನು ತತ್ತ್ವವೆಂದು ತರಬೇತಿ ಶಿಬಿರಗಳಲ್ಲಿ ಬೋಧಿಸುತ್ತಾರೆ. ಕಂಪ್ಯೂಟರು ನಮ್ಮ ಸಿಬ್ಬಂದಿ ಶಾಖೆಗಳಿಗೆ ಕಾಲಿಡುವ ಮೊದಲೇ ಕನ್ನಡಿಗ ನ್ಯಾಯಮೂರ್ತಿಯೊಬ್ಬರು ಒಂದು ಮುದ್ರಿತ ಅರ್ಜಿ ನಮೂನೆಯನ್ನು ಮುಂದಿಟ್ಟುಕೊಂಡು ಅದನ್ನು ಕಂಡಿದ್ದರು.

ಮೂರನೆಯದು ಕಾಯಿಲೆಯ ವಿಚಾರ, ಮುಂಬಯಿಯದು. ಸಾರ್ವಜನಿಕ ಸಂಸ್ಥೆಯೊಂದರಲ್ಲಿ ದಿನಗೂಲಿಯಾಗಿದ್ದ ಕಾರ್ಮಿಕನನ್ನು ಕಾಯಂ ಮಾಡುವ ಹಂತದಲ್ಲಿ ರಕ್ತ ಪರೀಕ್ಷೆ ನಡೆಸಿದಾಗ ಎಚ್‌ಐವಿ ಸೋಂಕು ಕಂಡುಬಂತು. ಕೆಲಸಕ್ಕೆ ದೇಹ ಸಮರ್ಥವಾಗಿದ್ದರೂ ಕೆಲಸ ತಪ್ಪಿತು. ನ್ಯಾಯ ಕೇಳಲು ಹೋದರೆ ಹೆಸರು ಬಯಲಾಗುತ್ತದೆ, ಹೋಗದಿದ್ದರೆ ಅನ್ನವಿಲ್ಲ. ಬೊಂಬಾಯಿ ಉಚ್ಚ ನ್ಯಾಯಾಲಯ ಆತನಿಗೂ ಸಂಸ್ಥೆಗೂ ಕೇವಲ ಅಕ್ಷರಗಳ ಗುಪ್ತನಾಮವಿಟ್ಟು ಮೊಕದ್ದಮೆ ನಡೆಸಿತು. ಕೆಲಸ ಮಾಡಬಲ್ಲ, ಇತರರಿಗೆ ಅಪಾಯ ತರದ ವ್ಯಕ್ತಿಗೆ ಸೋಂಕಿನ ಕಾರಣಕ್ಕೆ ಉದ್ಯೋಗ ನಿರಾಕರಿಸುವಂತಿಲ್ಲ ಎಂದು 1997ರಲ್ಲಿ ತೀರ್ಪಿತ್ತಿತು. ಇಪ್ಪತ್ತು ವರ್ಷದ ಬಳಿಕ, 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ಉದ್ಯೋಗಕ್ಕೆ ಆ ಪರೀಕ್ಷೆಯನ್ನು ಷರತ್ತಾಗಿಸುವುದನ್ನು ನಿಷೇಧಿಸಿತು. ಆ ಮುಂಬಯಿ ಕಾರ್ಮಿಕನ ಹೆಸರು ನ್ಯಾಯಾಲಯದ ವರದಿಗಳಲ್ಲಿ ಇಂದಿಗೂ ಇಲ್ಲ. ಅವನ ಗೆಲುವಿನ ಅರ್ಧ ಭಾಗ ಅದೇ. ಕಡತವೊಂದು ತನ್ನೊಳಗಿನ ಮನುಷ್ಯನಿಗಾಗಿ ಗೋಪ್ಯವಾಗಿ ಉಳಿದ ಅಪರೂಪದ ನಿದರ್ಶನ ಇದು.

2005ರಲ್ಲಿ ಮಾಹಿತಿ ಹಕ್ಕು ಕಾಯಿದೆ ಬಂದಾಗ ಕಥೆ ಮಗ್ಗುಲು ಬದಲಿಸಿತು. ಬೀರುಗಳ ಬಾಗಿಲು ತೆರೆಯಿತು, ಗಾಳಿ ಬೆಳಕು ಬಂತು. ಸುಳ್ಳು ಪ್ರಮಾಣಪತ್ರ ಕೊಟ್ಟು ಸೇರಿದವರು, ನಿಯಮ ಮೀರಿ ನೇಮಕವಾದವರು ಬೆಳಕಿಗೆ ಬಂದರು. ಅದರೊಡನೆ ನೆರೆಮನೆಯವರ, ಮುನಿದ ಸಂಬಂಧಿಕರ ಅರ್ಜಿಗಳೂ ಬಂದವು: ಇಂಥ ನೌಕರರ ರಜೆಯ ಕಾರಣವೇನು, ನಾಮನಿರ್ದೇಶನ ಯಾರ ಹೆಸರಿಗಿದೆ, ಸಾಲವೆಷ್ಟು? 2012ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯ ಒಂದು ಗೆರೆ ಎಳೆಯಿತು. ನೌಕರನಿಗೆ ಕೊಟ್ಟ ಮೆಮೊ, ನೋಟಿಸು, ಆಸ್ತಿ ವಿವರ, ಆದಾಯ ತೆರಿಗೆಯ ಕಾಗದಗಳು ಅವನ ವೈಯಕ್ತಿಕ ಮಾಹಿತಿ; ದೊಡ್ಡ ಸಾರ್ವಜನಿಕ ಹಿತವಿದ್ದರೆ ಮಾತ್ರ ಕೊಡಬಹುದು ಎಂದಿತು. ಈ ಗೆರೆಯ ಬಗ್ಗೆ ಸಂತೋಷಪಟ್ಟವರಲ್ಲಿ ಪ್ರಾಮಾಣಿಕರೂ ಇದ್ದರು, ಅಲ್ಲದವರೂ ಇದ್ದರು.

ಅದಾದ ಎರಡೇ ವರ್ಷಕ್ಕೆ ಇದಕ್ಕೆ ತದ್ವಿರುದ್ಧವಾದ ಪ್ರಯೋಗವೊಂದು ಶುರುವಾಯಿತು. 2014ರಲ್ಲಿ ದೆಹಲಿಯ ಕೇಂದ್ರ ಕಚೇರಿಗಳಿಗೆ ಆಧಾರ್ ಜೋಡಿತ ಹಾಜರಾತಿ ಯಂತ್ರಗಳು ಬಂದವು. ಜಂಗೀಪುರದ ಬೆರಳೊತ್ತು ಈಗ ಗಾಜಿನ ಮೇಲೆ ಮೂಡುತ್ತಿತ್ತು. ಯಾವ ನೌಕರ ಎಷ್ಟು ಗಂಟೆಗೆ ಬಂದ, ಎಷ್ಟು ಗಂಟೆಗೆ ಹೋದ ಎಂಬುದು ಹೆಸರಿನ ಸಮೇತ ಸರ್ಕಾರದ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತಿತ್ತು. ತಡವಾಗಿ ಬರುವವರಿಗೆ ಇದು ತಕ್ಕ ಶಾಸ್ತಿಯೆಂದು ಜನ ಮೆಚ್ಚಿದರು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂಟಿಯಾಗಿ ವಾಸಿಸುವ ಹೆಣ್ಣುಮಗಳೊಬ್ಬಳು ಪ್ರತಿ ಸಂಜೆ ಎಷ್ಟು ಗಂಟೆಗೆ ಕಚೇರಿ ಬಿಡುತ್ತಾಳೆ ಎಂಬುದು ಯಾರಿಗೆಲ್ಲ ತಿಳಿಯಬೇಕು ಎಂಬ ಪ್ರಶ್ನೆಯನ್ನು ಆಗ ಹೆಚ್ಚು ಜನ ಕೇಳಲಿಲ್ಲ.

ಆ ಪ್ರಶ್ನೆಗೆ ಬುನಾದಿ ಒದಗಿಸಿದವರು ಬೆಂಗಳೂರಿನ ಒಬ್ಬ ವೃದ್ಧರು. 1926ರಲ್ಲಿ ಹುಟ್ಟಿದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದವರು. ನಿವೃತ್ತಿಯ ಬಳಿಕ ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠದಲ್ಲಿ ಉಪಾಧ್ಯಕ್ಷರಾಗಿದ್ದರು. ಅಂದರೆ ಬಡ್ತಿ, ದಂಡನೆ, ಗೋಪ್ಯ ವರದಿಗಳ ತಕರಾರು ಹೊತ್ತು ಬರುವ ನಮ್ಮಂಥ ನೌಕರರ ಕಡತಗಳನ್ನು ದಿನವೂ ಬಿಡಿಸಿದವರು. 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. 2024ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ನಮ್ಮ ಸಂಘದಲ್ಲಿ ಒಂದು ನಿಮಿಷ ಮೌನ ಆಚರಿಸಿದೆವು. ಅವರು ಗೆದ್ದದ್ದೇನೆಂದು ಕೆಲವು ಎಳೆಯರಿಗೆ ವಿವರಿಸಿ ಹೇಳಬೇಕಾಯಿತು.

ಆ ತೀರ್ಪಿನ ಹಿನ್ನೆಲೆಯಲ್ಲಿ ಬಂದದ್ದು 2023ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಅದಕ್ಕೂ ಮೊದಲು 2011ರ ನಿಯಮಗಳಿದ್ದವು, ಆದರೆ ಅವು ಕಂಪನಿಗಳಿಗೆ ಸಂಬಂಧಿಸಿದವು. ಹೊಸ ಕಾಯಿದೆಯ ವ್ಯಾಪ್ತಿಯಲ್ಲಿ ಸರ್ಕಾರವೂ ಇದೆ. ಏಕೆ ಕೇಳುತ್ತಿದ್ದೇವೆಂದು ತಿಳಿಸಬೇಕು, ತಪ್ಪಿದ್ದರೆ ತಿದ್ದಬೇಕು, ಸೋರಿಕೆಯಾದರೆ ಮಂಡಳಿಗೂ ಸಂಬಂಧಪಟ್ಟ ವ್ಯಕ್ತಿಗೂ ತಿಳಿಸಬೇಕು. ತಕ್ಕ ರಕ್ಷಣೆ ಒದಗಿಸದಿದ್ದರೆ 250 ಕೋಟಿ ರೂಪಾಯಿಯವರೆಗೆ ದಂಡ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕರ್ತವ್ಯಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಗಡುವು.

ಕಾಯಿದೆಯನ್ನು ಸಿಬ್ಬಂದಿ ಶಾಖೆಯ ಮೇಜಿನ ಮೇಲಿಟ್ಟು ಓದಿದರೆ ಮೂರು ಮಾತು ನಮ್ಮನ್ನು ತಡೆದು ನಿಲ್ಲಿಸುತ್ತವೆ. ಒಂದು, ಉದ್ಯೋಗದ ಉದ್ದೇಶಕ್ಕಾಗಿ ನೌಕರನ ಮಾಹಿತಿಯನ್ನು ಅವನ ಒಪ್ಪಿಗೆಯಿಲ್ಲದೆ ಬಳಸಬಹುದು ಎಂದು ಏಳನೆಯ ಪ್ರಕರಣ ಹೇಳುತ್ತದೆ. ಸಂಬಳ ಕೊಡಲು ಪ್ರತಿ ತಿಂಗಳೂ ಒಪ್ಪಿಗೆ ಕೇಳುವುದು ಅಸಾಧ್ಯವೇ ಸರಿ. ಆದರೆ ‘ಉದ್ಯೋಗದ ಉದ್ದೇಶ’ ಎಂಬುದರ ಎಲ್ಲೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ನಿರ್ಧರಿಸುವವನು ಮೊದಲಿಗೆ ಉದ್ಯೋಗದಾತನೇ. ಎರಡು, ಉದ್ದೇಶ ಮುಗಿದ ಮೇಲೆ ಮಾಹಿತಿಯನ್ನು ಅಳಿಸಬೇಕೆಂಬ ಕಟ್ಟಳೆ ಖಾಸಗಿ ಸಂಸ್ಥೆಗಳಿಗಿದೆ, ಸರ್ಕಾರಕ್ಕೆ ಅದರಿಂದ ವಿನಾಯಿತಿ. ಒಂದು ಹುದ್ದೆಗೆ ಅರ್ಜಿ ಹಾಕಿ ಆಯ್ಕೆಯಾಗದ ಹುಡುಗಿ ಕಂಪನಿಯೊಂದಕ್ಕೆ ‘ನನ್ನ ಕಾಗದ ಅಳಿಸಿ’ ಎಂದು ಹೇಳಬಹುದು, ಸರ್ಕಾರಕ್ಕೆ ಹಕ್ಕಿನಿಂದ ಹೇಳಲಾರಳು. ಮೂರು, ಇದೇ ಕಾಯಿದೆ ಮಾಹಿತಿ ಹಕ್ಕಿನ ಎಂಟನೆಯ ಪ್ರಕರಣವನ್ನು ತಿದ್ದಿದೆ. ‘ವೈಯಕ್ತಿಕ ಮಾಹಿತಿ’ ಎಂಬ ವಿನಾಯಿತಿಗೆ ಜೋಡಿಸಿದ್ದ ಸಾರ್ವಜನಿಕ ಹಿತದ ಮಾತು ಅಲ್ಲಿಂದ ಹೋಗಿದೆ. ಅದೇ ಪ್ರಕರಣದ ಎರಡನೆಯ ಉಪಪ್ರಕರಣದಲ್ಲಿ ಸಾರ್ವಜನಿಕ ಹಿತದ ಬಾಗಿಲು ಇನ್ನೂ ತೆರೆದಿದೆ ಎಂಬುದೇ ಸಮಾಧಾನ.

ಮೂರನೆಯ ಮಾತು ನಮಗೆ ಹೆಚ್ಚು ಕಳವಳ ತರುತ್ತದೆ. ಗೋಪ್ಯವೆಂಬ ಮೊಹರು ಒಂದು ಕಾಲದಲ್ಲಿ ನೌಕರನಿಂದ ಕಚೇರಿಯನ್ನು ಮರೆಮಾಡಿತು. ಈಗ ಅದು ನೌಕರನ ಹೆಸರು ಹೇಳಿಕೊಂಡು ಜನರಿಂದ ಕಚೇರಿಯನ್ನು ಮರೆಮಾಡಬಾರದು. ಇಬ್ಬರ ಹಿತವನ್ನೂ ಕಾಯುವ ಗೆರೆ ಇರುವುದು ಸಾಧ್ಯವೆಂದು ನಮ್ಮ ನಂಬಿಕೆ. ಹುದ್ದೆಗೆ ಬೇಕಾದ ಅರ್ಹತೆ ಅವನಿಗಿತ್ತೇ, ನೇಮಕ ನಿಯಮದಂತೆ ನಡೆಯಿತೇ, ವರ್ಗಾವಣೆ ಯಾವ ಆದೇಶದಿಂದ ಆಯಿತು ಎಂಬುವು ಅಧಿಕಾರದ ಸಂಗತಿಗಳು. ಅವು ಜನರಿಗೆ ಸೇರಿದವು. ಅವನ ಕಾಯಿಲೆ, ಅವಳ ಗರ್ಭ, ಮನೆಯವರ ಸಂಕಟ, ಬ್ಯಾಂಕ್ ಖಾತೆ, ಬೆರಳೊತ್ತು ಇವು ಮನುಷ್ಯರ ಸಂಗತಿಗಳು. ಅವು ಕಚೇರಿಯ ಬಳಿ ಒತ್ತೆ ಇಟ್ಟವು ಮಾತ್ರ. ಒತ್ತೆ ಇಟ್ಟದ್ದನ್ನು ನೆರೆಯವರಿಗೆ ತೋರಿಸುವ ಹಕ್ಕು ಯಾವ ಸಾಹುಕಾರನಿಗೂ ಇಲ್ಲ.

ಇಂಗ್ಲಿಷ್ ಸಾಹಿತ್ಯ ಓದಿದ ದಿನಗಳ ಚಾಳಿ ಒಂದಿದೆ, ಪದಗಳ ಬುಡ ಕೆದಕುವುದು. ‘ಕಾನ್ಫಿಡೆನ್ಷಿಯಲ್’ ಎಂಬ ಪದದ ಲ್ಯಾಟಿನ್ ಮೂಲದಲ್ಲಿರುವುದು ಮುಚ್ಚಿಡುವುದಲ್ಲ, ನಂಬುವುದು. ನಮ್ಮ ‘ಗೋಪ್ಯ’ದ ಮೂಲವಾದ ಸಂಸ್ಕೃತದ ‘ಗುಪ್’ ಧಾತುವಿಗೆ ರಕ್ಷಿಸು ಎಂದೇ ಅರ್ಥ. ರಕ್ಷಿಸಬೇಕಾದದ್ದು ಗೋಪ್ಯ. ಬಚ್ಚಿಡಬೇಕಾದದ್ದು ಎಂಬ ಅರ್ಥವನ್ನು ರೂಢಿಗೆ ತಂದುಕೊಂಡು, ಮೊದಲ ಅರ್ಥವನ್ನು ಕಚೇರಿಗಳಲ್ಲಿರುವ ನಾವು ಮರೆತೆವು. 1858ರಿಂದ ಇಂದಿನವರೆಗಿನ ಈ ಚರಿತ್ರೆ, ಆ ಪದ ತನ್ನ ಮೂಲಾರ್ಥಕ್ಕೆ ಒಂದೊಂದೇ ಹೆಜ್ಜೆ ಹಿಂದಿರುಗುತ್ತಿರುವ ಚರಿತ್ರೆ. ಪ್ರತಿ ಹೆಜ್ಜೆಗೂ ಯಾರೋ ಒಬ್ಬರು ಕೆಲಸ ಕಳೆದುಕೊಂಡು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು ಎಂಬುದನ್ನು ಮರೆಯಬಾರದು.

ಆ ಸಹೋದ್ಯೋಗಿಗೆ ವರ್ಗಾವಣೆ ಸಿಕ್ಕಿತು. ಅವರು ಹೊರಡುವ ಹಿಂದಿನ ದಿನ ನಾವು ಹೋಗಿ ಕ್ಷಮೆ ಕೇಳಿದೆವು. ತಡವಾಗಿತ್ತು, ಆದರೂ ಕೇಳಿದೆವು. ಅವರು ಸಿಟ್ಟಾಗಲಿಲ್ಲ. “ಅರ್ಜಿಯಲ್ಲಿ ಅಷ್ಟೆಲ್ಲ ಬರೆಯುವ ಮನಸ್ಸು ನನಗೂ ಇರಲಿಲ್ಲ. ಬರೆಯದಿದ್ದರೆ ನೀವು ನಂಬುತ್ತಿರಲಿಲ್ಲವಲ್ಲ?” ಎಂದು ಮಾತ್ರ ಕೇಳಿದರು. ಹೂಗ್ಲಿಯ ಮುದಿ ಪಿಂಚಣಿದಾರ ಮಸಿಯಲ್ಲಿ ಬೆರಳದ್ದುವಾಗ ಅಂದುಕೊಂಡದ್ದೂ ಬಹುಶಃ ಇದನ್ನೇ.

ಅಂದಿನಿಂದ ನಮ್ಮ ಶಾಖೆಯಲ್ಲಿ ಮೂರು ಸಣ್ಣ ಪದ್ಧತಿಗಳು ಬಂದಿವೆ. ಇವಕ್ಕೆ ಯಾವ ಸುತ್ತೋಲೆಯೂ ಬೇಕಾಗಲಿಲ್ಲ. ವೈದ್ಯಕೀಯ ಕಾಗದ ಲಗತ್ತಿಸಿದ ಅರ್ಜಿ ಬೇರೆ ಲಕೋಟೆಯಲ್ಲಿ, ನಿರ್ಧರಿಸಬೇಕಾದವರ ಕೈಗೇ ಹೋಗುತ್ತದೆ. ಯಾವ ಅರ್ಜಿಯ ಚಿತ್ರವೂ ವಾಟ್ಸ್‌ಆಪ್‌ಗೆ ಹೋಗುವುದಿಲ್ಲ. ಜನವರಿಯಲ್ಲಿ ಎಲ್ಲರನ್ನೂ ಕರೆದು ಅವರವರ ಸೇವಾ ಪುಸ್ತಕವನ್ನು ಅವರವರಿಗೆ ತೋರಿಸುತ್ತೇವೆ. 202ನೆಯ ನಿಯಮವನ್ನು ಪಾಲಿಸುವುದಕ್ಕೆ ಇಷ್ಟು ಕಾಲ ಬೇಕಾಯಿತೇ ಎಂದು ನಮಗೇ ನಾಚಿಕೆ. ಈ ಜನವರಿಯಲ್ಲಿ ನಮ್ಮದೇ ಪುಸ್ತಕವನ್ನು ತೆರೆದಾಗ ಅದರಲ್ಲಿ ಎಡಗೈಯ ಬೆರಳೊತ್ತುಗಳು ಮಾಸಿದ್ದವು, ಸ್ವಂತ ಊರಿನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿತ್ತು. ಇಷ್ಟು ವರ್ಷ ಯಾರೋ ಬರೆದ ತಪ್ಪು ಊರಿನವರಾಗಿ ನಾವು ದುಡಿದಿದ್ದೆವು. ತಿದ್ದಲು ಅರ್ಜಿ ಬರೆದೆವು. ಮೂರೇ ಸಾಲು, ಬೇಕಾದಷ್ಟೇ.